ನಾಲ್ವರಿಗೆ ಒಂದು ಸೂಜಿ

ಐಮಂಗಲದ ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಮಕ್ಕಳನ್ನು ಸಾಲಾಗಿ ಕೂರಿಸಿದವಳು ನಾನು. ನನ್ನ ಬಾಯಿ ಜೋರು ಅನ್ನುವುದನ್ನು ಊರೇ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ. ಗುರುವಾರ ಲಸಿಕೆಯ ದಿನ ಯಾರಾದರೂ ತಾಯಿ ಮಗುವನ್ನು ಕರೆತರದಿದ್ದರೆ ಅವಳ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದೆ. ಜ್ವರ ಬರುತ್ತೆ ಟೀಚರ್, ಮುಂದಿನ ತಿಂಗಳು ಹಾಕಿಸ್ತೀನಿ ಅಂದವರಿಗೆ ನಾನು ಕೊಡುತ್ತಿದ್ದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಮಗು ಅಳುತ್ತಾ, ತಾಯಿ ಗೊಣಗುತ್ತಾ, ನಾನು ಮುಂದೆ ಮುಂದೆ, ಹೀಗೆ ಎಷ್ಟು ಸಲ ಊರ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದೇವೋ.

ನಮ್ಮ ಕೇಂದ್ರದಲ್ಲಿ ನಾನೇ ಮಾಡಿದ ಒಂದು ಕಟ್ಟಳೆ ಇತ್ತು. ಊಟವಿರಲಿ, ಮೊಟ್ಟೆಯಿರಲಿ, ಲಸಿಕೆಯಿರಲಿ, ಚಿಕ್ಕವರಿಗೆ ಮೊದಲು. ದೊಡ್ಡ ಮಕ್ಕಳು ತಳ್ಳಾಡಿಕೊಂಡು ಮುಂದೆ ಬಂದರೆ ಕಿವಿ ಹಿಡಿದು ಹಿಂದಕ್ಕೆ ಕಳಿಸುತ್ತಿದ್ದೆ. ನನ್ನ ಊಟ ಎಲ್ಲರದೂ ಮುಗಿದ ಮೇಲೆ. ಈ ಅಭ್ಯಾಸ ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ನಿವೃತ್ತಿಯ ದಿನ ಊರ ತಾಯಂದಿರು ಶಾಲು, ಹಾರದ ಜೊತೆಗೆ ಒಂದು ಶುಗರ್ ಮೆಷಿನ್ನನ್ನೂ ಕೊಟ್ಟರು. ನನಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು. ಪುಟ್ಟ ಕಪ್ಪು ಚೀಲ, ಅದರಲ್ಲಿ ಮೆಷಿನ್ನು, ರಕ್ತ ಹಚ್ಚುವ ಪಟ್ಟಿಗಳ ಡಬ್ಬಿ, ಬೆರಳಿಗೆ ಚುಚ್ಚುವ ಒಂದು ಪೆನ್ನು, ಪೆನ್ನಿನೊಳಗೆ ಹಾಕುವ ಸೂಜಿಗಳು. ಪೆನ್ನಿನ ಬಾಯಿಯನ್ನು ಬೆರಳಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಸೂಜಿ ಟಕ್ಕೆಂದು ಬಂದು ಹೋಗುತ್ತದೆ. ಶಾಲು ಬೀರುವಿಗೆ ಹೋಯಿತು. ಮೆಷಿನ್ನು ಮಾತ್ರ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಉಳಿಯಿತು.

ಅದೇ ಸಕ್ಕರೆ ನನ್ನ ಎರಡೂ ಕಿಡ್ನಿಯನ್ನು ತಿಂದು ಹಾಕಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ನಾಲ್ಕು ಗಂಟೆ ಮಲಗಿರಬೇಕು, ಮೈಯ ರಕ್ತವೆಲ್ಲ ಮೆಷಿನ್ನಿನೊಳಗೆ ಸುತ್ತಾಡಿ ತೊಳೆದುಕೊಂಡು ವಾಪಸ್ಸು ಬರಬೇಕು. ಮೊದಲ ತಿಂಗಳು ಅತ್ತೆ. ಎರಡನೇ ತಿಂಗಳು ಅಳುವುದಕ್ಕೂ ಬೇಜಾರಾಗಿ ಅಕ್ಕಪಕ್ಕದವರನ್ನು ಮಾತಾಡಿಸತೊಡಗಿದೆ.

ನಮ್ಮದು ಮಧ್ಯಾಹ್ನದ ಪಾಳಿ. ಬೆಳಗಿನವರು ಎದ್ದು ಹೋಗಿ ಮೆಷಿನ್ನು ತೊಳೆದು ಮುಗಿಸುವ ತನಕ ನಾವು ಆಸ್ಪತ್ರೆಯ ಹಿಂದಿನ ಹೊಂಗೆ ಮರದ ಕೆಳಗೆ ಸಿಮೆಂಟ್ ಬೆಂಚಿನ ಮೇಲೆ ಕಾಯುತ್ತಿದ್ದೆವು. ನಾಲ್ಕು ಜನ. ಒಬ್ಬರು ಭಾಯ್, ದುರ್ಗದವರೇ, ಅಜ್ಜನ ಕಾಲದಿಂದ ಹತ್ತಿಯ ಹಾಸಿಗೆ ಹೊಲಿಯುವ ಮನೆತನ. ಮಲಗಿದಾಗ ಕೈ ಇಟ್ಟುಕೊಳ್ಳಲು ನಮಗೆಲ್ಲ ಒಂದೊಂದು ಪುಟ್ಟ ದಿಂಬು ಹೊಲಿದು ತಂದುಕೊಟ್ಟವರು. ಇನ್ನೊಬ್ಬರು ಹೊಳಲ್ಕೆರೆಯ ಅಜ್ಜ, ಯಾವುದಕ್ಕೂ ಸಮಾಧಾನವಿಲ್ಲದ ಆಸಾಮಿ. ಮೂರನೆಯವಳು ಹೊಸದುರ್ಗದ ಕಡೆಯ ಹುಡುಗಿ. ಇಪ್ಪತ್ತಾರು ವರ್ಷ. ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗಲೇ ಮುಖ ಊದಿಕೊಂಡು, ಯಾರಿಗೂ ಗೊತ್ತಾಗದೆ ಕಿಡ್ನಿ ಹಾಳಾಗಿತ್ತು. ಮನೆ ಸುತ್ತ ತೆಂಗಿನ ತೋಟ, ಆದರೆ ಒಂದು ಗುಟುಕು ಎಳನೀರು ಕುಡಿಯುವ ಹಾಗಿಲ್ಲ. ಅವಳ ಜೊತೆ ಯಾವಾಗಲೂ ಅವಳಮ್ಮ ಬರುತ್ತಿದ್ದಳು. ಮಾತು ಕಡಿಮೆಯ ಹೆಂಗಸು. ಮಗಳಿಗೆ ತನ್ನ ಒಂದು ಕಿಡ್ನಿ ಕೊಡುತ್ತೇನೆಂದು ಹೇಳಿ, ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಒಂದೊಂದೇ ಪರೀಕ್ಷೆಯನ್ನು ಮುಗಿಸುತ್ತಿದ್ದಳು.

ಒಂದು ಮಂಗಳವಾರ ಆ ಹುಡುಗಿ ಬೆಂಚಿನ ಮೇಲೆ ಕೂತಲ್ಲೇ ಬೆವತು ಒರಗಿಬಿಟ್ಟಳು. ಹೊಟ್ಟೆಗೆ ಏನೂ ಇಲ್ಲದೆ ಬಂದಿದ್ದಳು. ನಾನು ಮೆಷಿನ್ನು ತೆಗೆದು ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ತಳ ಸೇರಿತ್ತು. ಗ್ಲೂಕೋಸ್ ಬಾಯಿಗೆ ಹಾಕಿದ ಹತ್ತು ನಿಮಿಷಕ್ಕೆ ಎದ್ದು ಕೂತಳು. ಅವಳಮ್ಮ ನನ್ನ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆವತ್ತಿನಿಂದ ನಾನು ಮತ್ತೆ ಟೀಚರ್ ಆದೆ.

ಒಳಗೆ ಹೋಗುವ ಮುಂಚೆ ಎಲ್ಲರ ಶುಗರ್ ನೋಡುವುದು ಪದ್ಧತಿಯಾಯಿತು. ಒಳಗೆ ನರ್ಸಮ್ಮನೂ ನೋಡುತ್ತಿದ್ದಳು, ಅವಳದು ಒಬ್ಬೊಬ್ಬರಿಗೆ ಒಂದೊಂದು ಸೂಜಿ, ಚುಚ್ಚಿ ಬಿಸಾಡುವಂಥದ್ದು. ಆದರೆ ಅದಕ್ಕೆ ಮುಂಚೆ ಹೊರಗೆ ನಾನು ನೋಡಿ ಹೇಳಿದರೇ ಇವರಿಗೆ ಸಮಾಧಾನ. ಚಿಕ್ಕವರಿಗೆ ಮೊದಲು, ಹಾಗಾಗಿ ಹುಡುಗಿ ಮೊದಲು ಬೆರಳು ಕೊಡಬೇಕು. ಆಮೇಲೆ ಕಾಯುವ ತಾಳ್ಮೆಯಿಲ್ಲದ ಅಜ್ಜ, ಆಮೇಲೆ ಭಾಯ್, ಕೊನೆಗೆ ನಾನು. ದಿನಕ್ಕೊಂದು ಹೊಸ ಸೂಜಿ ಹಾಕುತ್ತಿದ್ದೆ. ಒಬ್ಬರದು ಆದ ಮೇಲೆ ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತಿದ್ದೆ. ನಾಲ್ಕು ಜನಕ್ಕೆ ನಾಲ್ಕು ಸೂಜಿ ಯಾಕೆ, ನಾವೇನು ಬೇರೆಯವರೇ ಅನ್ನುವ ಧೈರ್ಯ. ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ಮಗುವಿಗೆ ಚುಚ್ಚಿದ ಸೂಜಿ ಇನ್ನೊಂದು ಮಗುವಿನ ಹತ್ತಿರಕ್ಕೂ ಹೋಗಬಾರದು ಎಂದು ಮೂವತ್ತೊಂದು ವರ್ಷ ನೋಡಿದವಳು, ಕೇಳಿದವಳು, ಬೇರೆಯವರಿಗೆ ಹೇಳಿದವಳು ಮಾಡಿದ ಕೆಲಸ ಇದು. ಥೂ, ನನ್ನ ಬುದ್ಧಿಗೆ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಡಯಾಲಿಸಿಸ್ ಶುರು ಮಾಡುವಾಗ ನಮಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲು ಹೇಳಿದ್ದರು. ರಕ್ತದಿಂದ ರಕ್ತಕ್ಕೆ ಹರಡಿ ಲಿವರನ್ನು ಹಾಳುಮಾಡುವ ರೋಗ ಅದು. ಆರು ತಿಂಗಳಲ್ಲಿ ನಾಲ್ಕು ಸಲ ಹಾಕಿಸಬೇಕು. ನಾನು ಎರಡಕ್ಕೇ ಬಿಟ್ಟೆ. ತೋಳು ಊದಿಕೊಂಡು ಎರಡು ದಿನ ಜ್ವರ ಬಂದಿತ್ತು, ಮುಂದಿನ ತಿಂಗಳು ನೋಡೋಣ ಅಂದುಕೊಂಡೆ. ಹುಡುಗಿ ನನ್ನ ನಂತರ ಸೇರಿದವಳು. ಅವಳಿಗೂ ಎರಡು ಸಲ ಆದ ಮೇಲೆ ಜ್ವರ ಬಂತು. ನೀವು ಪೂರ್ತಿ ಹಾಕಿಸ್ಕಂಡ್ರಾ ಟೀಚರ್ ಅಂತ ಕೇಳಿದಳು. ಇಲ್ಲ ಬಿಡು, ಏನಾಗಲ್ಲ ಅಂದೆ. ಅವಳೂ ಬಿಟ್ಟಳು.

ಮೂರು ತಿಂಗಳಿಗೊಮ್ಮೆ ನಮ್ಮೆಲ್ಲರ ರಕ್ತ ತೆಗೆದು ಈ ರೋಗ ಇದೆಯೋ ಇಲ್ಲವೋ ನೋಡುತ್ತಿದ್ದರು. ಪ್ರತಿ ಸಲವೂ ನನ್ನ ಚೀಟಿಯಲ್ಲಿ ನೆಗೆಟಿವ್ ಅಂತಲೇ ಬರುತ್ತಿತ್ತು. ಇದ್ದವರಿಗೆ ಮೂಲೆಯ ಕೋಣೆಯಲ್ಲಿ ಬೇರೆಯೇ ಮೆಷಿನ್ನು, ಅದರ ಮೇಲೆ ಕೆಂಪು ಸ್ಟಿಕ್ಕರು. ಆ ಕೋಣೆಯ ಮುಂದೆ ಹೋಗುವಾಗ ನಾವು ನಾಲ್ವರೂ ಸೆರಗು, ಪಂಚೆ ಎತ್ತಿ ಹಿಡಿದುಕೊಂಡು ಹೋಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಹೋದ ವರ್ಷ ಹೊಸದಾಗಿ ಬಂದ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಹಳೇ ಚೀಟಿಗಳನ್ನೆಲ್ಲ ತೆಗೆದು ಒಂದೊಂದಾಗಿ ಓದುವ ಸ್ವಭಾವ. ನನ್ನ ಲಿವರಿನ ಒಂದು ಅಂಕಿ ಮೂರು ಸಲದಿಂದ ಮೆಲ್ಲಗೆ ಏರುತ್ತಿರುವುದನ್ನು ನೋಡಿ ಬೇರೆ ಎರಡು ಪರೀಕ್ಷೆ ಬರೆದರು. ಒಂದಕ್ಕೆ ರಕ್ತ ಬೆಂಗಳೂರಿಗೆ ಹೋಗಬೇಕಿತ್ತು. ಒಂದು ಮಂಗಳವಾರ ನನ್ನ ಪಾಳಿ ಮುಗಿದ ಮೇಲೆ ತಮ್ಮ ಕೋಣೆಗೆ ಕರೆದು ಕೂರಿಸಿದರು.

ನಿಮಗೆ ಹೆಪಟೈಟಿಸ್ ಬಿ ಇದೆ ಅಂದರು. ಇರೋಕೆ ಹೆಂಗೆ ಸಾಧ್ಯ, ಎಲ್ಲಾ ಚೀಟಿಲೂ ನೆಗೆಟಿವ್ ಐತೆ ಅಂತ ನಾನು ಏರಿದ ದನಿಯಲ್ಲೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಇಲಿ ಸೇರಿಕೊಂಡ ಹಾಗೆ ಅಂದುಕೊಳ್ಳಿ ಅಂದರು. ನಾವು ಮೂರು ತಿಂಗಳಿಗೊಮ್ಮೆ ಮಾಡುವ ಪರೀಕ್ಷೆ ಬಾಗಿಲಲ್ಲಿ ನಿಂತು ಇಲಿ ಓಡಾಡುತ್ತಾ ಅಂತ ನೋಡಿದಂತೆ. ಕೆಲವರಲ್ಲಿ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಂಡು ಮೈಯ ಶಕ್ತಿ ಕುಗ್ಗಿದವರಲ್ಲಿ, ಇಲಿ ಹೊರಗೆ ಬರುವುದೇ ಇಲ್ಲ. ಆದರೆ ಚೀಲ ಕಡಿದ ಗುರುತು ಇರುತ್ತೆ. ಎರಡನೇ ಪರೀಕ್ಷೆ ಆ ಗುರುತು ನೋಡುವುದು. ಮೂರನೆಯದು ಇಲಿಯನ್ನೇ ಹಿಡಿಯುವುದು. ನಿಮ್ಮದರಲ್ಲಿ ಗುರುತೂ ಸಿಕ್ಕಿದೆ, ಇಲಿಯೂ ಸಿಕ್ಕಿದೆ, ಬಹಳ ಸಣ್ಣದು, ಆದರೆ ಇದೆ. ಇದಕ್ಕೆ ಮಾತ್ರೆ ಇದೆ, ಹೆದರಬೇಡಿ ಅಂದರು.

ನಾನು ಹೆದರಲಿಲ್ಲ. ಈಗಾಗಲೇ ಕಿಡ್ನಿ ಹೋಗಿದೆ, ಲಿವರೂ ಒಂದು ಸೇರಿಕೊಳ್ಳಲಿ ಅಂತ ಒಳಗೊಳಗೇ ಬೈದುಕೊಂಡೆ. ಆಮೇಲೆ ಡಾಕ್ಟರು ಪ್ರಶ್ನೆ ಕೇಳಲು ಶುರು ಮಾಡಿದರು. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಮನೆಯಲ್ಲಿ ಯಾರಿಗಾದರೂ ಕಾಮಾಲೆ ಆಗಿತ್ತಾ. ಒಂದೊಂದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಕೇಳಿದರು: "ಶುಗರ್ ನೋಡಿಕೊಳ್ಳುವ ಮೆಷಿನ್ ಇದೆಯಲ್ಲ, ಅದರ ಪೆನ್ನನ್ನ ಬೇರೆ ಯಾರಿಗಾದರೂ ಬಳಸಿದ್ದೀರಾ?"

"ಇಲ್ಲ," ಅಂದೆ.

ಯಾಕೆ ಹಾಗಂದೆ ಅಂತ ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಹೆದರಿಕೆಯಲ್ಲ, ಮಾನ. ಮರದ ಕೆಳಗೆ ಮೂರು ಜನ ನನ್ನನ್ನು ಟೀಚರ್ ಅನ್ನುತ್ತಿದ್ದರು, ಅದು ಹೋಗುತ್ತದೆ ಅನ್ನಿಸಿತು. ನಾಲಗೆ ತಾನೇ ಹೊರಳಿತು. ಡಾಕ್ಟರು ಬರೆದುಕೊಂಡರು. ನಾನು ಎದ್ದು ಬಸ್ಸು ಹತ್ತಿ ಊರಿಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಕಪ್ಪು ಚೀಲ ಬಿಚ್ಚಿ ಪೆನ್ನನ್ನು ಬಿಸಿಲಿಗೆ ಹಿಡಿದು ನೋಡಿದೆ. ಸೂಜಿ ಬದಲಾಯಿಸುತ್ತಿದ್ದೆ ನಿಜ. ಆದರೆ ಪೆನ್ನಿನ ಬಾಯಿಗೆ ಒಂದು ಮುಚ್ಚಳ ಇರುತ್ತದೆ, ಬೆರಳಿಗೆ ತಾಗುವುದು ಅದೇ. ಅದನ್ನು ಒಂದು ದಿನವೂ ಬಿಚ್ಚಿ ತೊಳೆದಿರಲಿಲ್ಲ. ಒಳಗೆ ಕಂದು ಬಣ್ಣದ ಕಲೆ ಗಟ್ಟಿಯಾಗಿ ಕೂತಿತ್ತು. ಯಾರ ರಕ್ತವೋ, ನಾಲ್ವರದೂ ಇರಬೇಕು. ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗಿ. ಇನ್ನೆರಡು ತಿಂಗಳಿಗೆ ಬೆಂಗಳೂರಿನಲ್ಲಿ ಆಪರೇಷನ್ ಅಂತ ದಿನ ನೋಡುತ್ತಿದ್ದರು. ಹೊಸ ಕಿಡ್ನಿ ಹಾಕಿದ ಮೇಲೆ ಮೈ ಅದನ್ನು ತಿರಸ್ಕರಿಸದಿರಲಿ ಅಂತ ಮೈಯ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡುತ್ತಾರೆ ಎಂದು ಅವಳೇ ನನಗೆ ಹೇಳಿದ್ದಳು. ಅಂಥ ಮೈಯೊಳಗೆ ಈ ಇಲಿ ಸೇರಿದ್ದರೆ ಅಡ್ಡಿಯಿಲ್ಲದೆ ಎಲ್ಲ ಕಡಿದು ಹಾಕುತ್ತದೆ. ಅವಳ ಚೀಟಿಯಲ್ಲೂ ನನ್ನದರ ಹಾಗೆ ನೆಗೆಟಿವ್ ಅಂತಲೇ ಬರೆದಿರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವವಳು ನಾನೊಬ್ಬಳೇ.

ನನ್ನ ಯಜಮಾನರು ಮಾರಿಕಣಿವೆಯ ನೀರಾವರಿ ಇಲಾಖೆಯಲ್ಲಿ ಕಾಲುವೆಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ನಾನು ಹತ್ತು ಮಾತಾಡಿದರೆ ಅವರು ಒಂದು. ಎಲ್ಲ ಹೇಳಿದೆ, ಡಾಕ್ಟರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು.

"ಹೇಳ್ಬಿಡು," ಅಂದರು. "ಬೈತಾರೆ. ಬೈಸ್ಕ. ನೀನು ಎಷ್ಟು ಜನಕ್ಕೆ ಬೈದಿಲ್ಲ."

ಶುಕ್ರವಾರ ಎಂದಿಗಿಂತ ಎರಡು ಗಂಟೆ ಮುಂಚೆ ದುರ್ಗಕ್ಕೆ ಹೋದೆ. ಡಾಕ್ಟರ ಮೇಜಿನ ಮೇಲೆ ಕಪ್ಪು ಚೀಲ ಇಟ್ಟು, ಮಂಗಳವಾರ ಇಲ್ಲ ಅಂದದ್ದು ಸುಳ್ಳು ಅಂದೆ. ಯಾರ್ಯಾರಿಗೆ, ಎಷ್ಟು ದಿನದಿಂದ, ಯಾವ ಕ್ರಮದಲ್ಲಿ ಚುಚ್ಚಿದೆ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ಬೈಯಲಿ ಅಂತ ಕಾದೆ, ಬೈಯಲಿಲ್ಲ. ಒಣಗಿದ ರಕ್ತದಲ್ಲೂ ಈ ವೈರಸ್ಸು ವಾರದವರೆಗೆ ಬದುಕಿರುತ್ತದೆ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಲದು ಅಂದರು. ಮೂವರಿಗೂ ನನಗೆ ಮಾಡಿದ ಪರೀಕ್ಷೆಗಳನ್ನೇ ಮಾಡಿಸಬೇಕು, ನಿಮ್ಮ ಯಜಮಾನರಿಗೂ ಮಾಡಿಸಬೇಕು ಅಂದರು. ನಿಮ್ಮ ಹೆಸರು ಹೇಳದೆ ನಾನೇ ಅವರಿಗೆ ತಿಳಿಸುತ್ತೇನೆ ಅಂತಲೂ ಅಂದರು.

"ಬ್ಯಾಡಿ," ಅಂದೆ. "ಚುಚ್ಚಿದೋಳು ನಾನು. ನಾನೇ ಹೇಳ್ತೀನಿ."

ಮರದ ಕೆಳಗೆ ಬಂದಾಗ ಮೂವರೂ ಬಂದಿದ್ದರು. ನನ್ನನ್ನು ಕಂಡ ಕೂಡಲೇ ಹುಡುಗಿ ಅಭ್ಯಾಸದ ಮೇಲೆ ಬೆರಳು ಮುಂದೆ ಚಾಚಿದಳು. ಆ ಬೆರಳನ್ನು ಮಡಿಸಿ ಹಿಂದಕ್ಕೆ ಸರಿಸಿದೆ. ಕುಂತ್ಕಳ್ಳಿ ಎಲ್ಲಾರೂ, ಒಂದು ಮಾತು ಹೇಳೋದೈತೆ ಅಂದೆ. ಅಂಗನವಾಡಿಯಲ್ಲಿ ಹೇಳಿಕೊಡುತ್ತಿದ್ದ ಹಾಗೆಯೇ, ಇಲಿಯ ಕಥೆಯಿಂದ ಶುರು ಮಾಡಿ, ಪೆನ್ನಿನ ಮುಚ್ಚಳದ ತನಕ ಬಿಡಿಸಿ ಬಿಡಿಸಿ ಹೇಳಿದೆ. ಲಸಿಕೆ ಬಿಟ್ಟದ್ದನ್ನೂ ಹೇಳಿದೆ. ನನ್ನನ್ನು ನೋಡಿ ಹುಡುಗಿಯೂ ಬಿಟ್ಟಳು, ಅದೂ ನನ್ನ ತಪ್ಪು ಅಂದೆ. ಡಾಕ್ಟರಿಗೆ ಮೊದಲ ಸಲ ಸುಳ್ಳು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅಷ್ಟು ಧೈರ್ಯ ಆವತ್ತು ಉಳಿದಿರಲಿಲ್ಲ.

ಅಜ್ಜ ಎದ್ದು ತಮ್ಮ ಚೀಲ ತೆಗೆದುಕೊಂಡು ಆಚೆ ಗೋಡೆಯ ಹತ್ತಿರ ಹೋಗಿ ಕೂತರು. ಭಾಯ್ ನೆಲ ನೋಡುತ್ತಾ ಗಡ್ಡ ಕೆರೆದುಕೊಂಡರು. ಹುಡುಗಿ ಅಮ್ಮನ ಮುಖ ನೋಡಿದಳು. ಅವಳಮ್ಮ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ನನ್ನ ಕಿಡ್ನಿ ಕೊಟ್ಟು ಉಳಿಸ್ಕಳಾಣ ಅಂತ ನಾನು ಒದ್ದಾಡ್ತಿದ್ರೆ, ನೀವು ಇಂಥದ್ದು ಮಾಡಿದ್ರಲ್ಲ ಟೀಚರ್. ಏನಾದ್ರೂ ಆಗಿದ್ರೆ ನಾನು ಯಾರನ್ನ ಕೇಳ್ಲಿ?"

ನನ್ನನ್ನೇ ಕೇಳು ಅಂತ ಬಾಯಿಗೆ ಬಂತು. ಕೇಳಿದರೆ ತಾನೇ ನಾನೇನು ಕೊಡಬಲ್ಲೆ. ಅವಳು ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹಿಂದೊಮ್ಮೆ ಅವಳು ಕಣ್ಣಿಗೆ ಒತ್ತಿಕೊಂಡಿದ್ದ ನನ್ನ ಕೈ ಬೆಂಚಿನ ಮೇಲೆ ಹಾಗೇ ಬಿದ್ದಿತ್ತು. ಅವಮಾನ ಆಯಿತೇ ಅಂದರೆ, ಆಯಿತು. ಆದರೆ ಆವತ್ತು ಮೆಷಿನ್ನಿಗೆ ಮಲಗಿಕೊಂಡ ನಾಲ್ಕು ಗಂಟೆಯಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಇನ್ನು ಕಣ್ಣೀರು ಹಾಕಿ ಯಾರಿಗೂ ಉಪಯೋಗವಿಲ್ಲ. ಈ ಹುಡುಗಿ ಬೆಂಗಳೂರಿಗೆ ಹೋಗಿ ಅಮ್ಮನ ಕಿಡ್ನಿ ಹಾಕಿಸಿಕೊಂಡು ಬರುವ ತನಕ ನಾನು ಬಿಡುವುದಿಲ್ಲ. ಅವರು ಮಾತಾಡಿಸಲಿ, ಬಿಡಲಿ.

ಮೂವರ ರಕ್ತವೂ ಬೆಂಗಳೂರಿಗೆ ಹೋಯಿತು. ಹತ್ತು ದಿನ ಕಾಯಬೇಕಿತ್ತು. ಯಜಮಾನರದು ಮೊದಲೇ ಬಂತು, ಏನೂ ಇರಲಿಲ್ಲ. ಅವರು ಮೊದಲ ಲಸಿಕೆ ಹಾಕಿಸಿಕೊಂಡು ಬಂದು, ತೋಳು ಮುಟ್ಟಿ ನೋಡಿಕೊಂಡು, ನೋವೇನೂ ಇಲ್ಲಪ್ಪ ಅಂದರು. ನನಗೆ ಚುಚ್ಚಿದ ಹಾಗಾಯಿತು, ಅವರ ಉದ್ದೇಶವೂ ಅದೇ ಇರಬೇಕು.

ಹನ್ನೊಂದನೇ ದಿನ ಡಾಕ್ಟರು ಒಬ್ಬೊಬ್ಬರನ್ನೇ ಕರೆದು ಹೇಳಿದರು. ಅಜ್ಜನಿಗೆ ಇರಲಿಲ್ಲ. ಆಸಾಮಿ ಗೊಣಗುತ್ತಲೇ ನಾಲ್ಕೂ ಲಸಿಕೆ ಹಾಕಿಸಿಕೊಂಡಿದ್ದರಂತೆ, ರಕ್ತದಲ್ಲಿ ರಕ್ಷಣೆ ಗಟ್ಟಿಯಾಗಿತ್ತು. ಹೊರಗೆ ಬಂದು ಗೋಡೆಯ ಹತ್ತಿರವೇ ಕೂತರು. ಆಮೇಲೆ ಒಂದು ದಿನವೂ ನಮ್ಮ ಬೆಂಚಿಗೆ ಬರಲಿಲ್ಲ. ಅದು ಅವರಿಷ್ಟ.

ಭಾಯ್‌ಗೆ ಇತ್ತು. ನನ್ನ ಹಾಗೆಯೇ, ಅಡಗಿ ಕೂತಿತ್ತು. ಅವರು ಬಂದು ನನ್ನ ಪಕ್ಕ ಕೂತರು. ನಿಮಗೆ ನನ್ನಿಂದಲೇ ಬಂತು ಭಾಯ್, ನನ್ನ ಕೈಯಿಂದಲೇ ಅಂದೆ. ಅವರು ಹಾಗಲ್ಲ ಅಂತ ತಲೆಯಾಡಿಸಿದರು. ಅವರಿಗೇ ಬಹಳ ವರ್ಷದ ಹಿಂದೆ ಲಾರಿ ಗುದ್ದಿ ಕಾಲು ಮುರಿದಾಗ ಎರಡು ಬಾಟಲಿ ರಕ್ತ ಹಾಕಿದ್ದರಂತೆ. ಪೆನ್ನು ಹಿಡಿಯುವ ಕ್ರಮದಲ್ಲಿ ಅವರ ಬೆರಳಾದ ಮೇಲೆ ನನ್ನ ಬೆರಳು. ಅದನ್ನು ಅವರು ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದರು. ಡಾಕ್ಟರನ್ನೂ ಕೇಳಿದ್ದರು, ಯಾರಿಂದ ಯಾರಿಗೆ ಅಂತ ಈಗ ಹೇಳಲಿಕ್ಕಾಗುವುದಿಲ್ಲ, ಇಬ್ಬರಿಗೂ ಹಳೆಯದೇ ಇರಬಹುದು ಅಂದರಂತೆ.

"ನಂದು ನಿಮಗೆ ಬಂತೋ, ನಿಮ್ದು ನನಗೆ ಬಂತೋ, ಮೇಲಿನವನಿಗೆ ಗೊತ್ತು," ಅಂದರು. "ಈಗ ಇಬ್ರೂ ಒಂದೇ ಮಾತ್ರೆ ನುಂಗಾಣ ಟೀಚರ್. ವಾರಕ್ಕೊಂದು. ಮರೀಬ್ಯಾಡಿ, ನಾನು ನೆನಪು ಮಾಡ್ತೀನಿ."

ಆ ಹೊತ್ತಿಗೆ ನಾನು ಅತ್ತೆ. ಬೈದಿದ್ದರೆ ಅಳುತ್ತಿರಲಿಲ್ಲ.

ಹುಡುಗಿಗೆ ಇರಲಿಲ್ಲ. ಗುರುತೂ ಇಲ್ಲ, ಇಲಿಯೂ ಇಲ್ಲ. ಚಿಕ್ಕವರಿಗೆ ಮೊದಲು ಅಂತ ಮಾಡಿದ್ದರಿಂದ ದಿನಾ ಹೊಸ ಸೂಜಿ ಅವಳ ಬೆರಳಿಗೇ ಬೀಳುತ್ತಿತ್ತು, ಅದರಿಂದ ಉಳಿದಳೇ ಅಂತ ಡಾಕ್ಟರನ್ನು ಆಸೆಯಿಂದ ಕೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮುಚ್ಚಳ ಒಂದೇ ಇತ್ತಲ್ಲ, ಅದೃಷ್ಟ ಅಂದುಕೊಳ್ಳಿ ಅಂದರು. ಅವರು ಹೇಳಿದ್ದು ಸರಿ. ಅದೃಷ್ಟವನ್ನು ನನ್ನ ಒಳ್ಳೆಯತನದ ಖಾತೆಗೆ ಹಾಕಿಕೊಳ್ಳುವ ಹಕ್ಕು ನನಗಿಲ್ಲ.

ಆದರೆ ಅವಳ ರಕ್ತದಲ್ಲಿ ರಕ್ಷಣೆಯೂ ಇರಲಿಲ್ಲ. ಎರಡು ಲಸಿಕೆ ಹಾಕಿಸಿ ಬಿಟ್ಟದ್ದು ಹೊಳೆಗೆ ಹಾಕಿದಂತಾಗಿತ್ತು. ಬೆಂಗಳೂರಿನ ಡಾಕ್ಟರು ವಿಷಯ ಕೇಳಿ, ಮೊದಲಿನಿಂದ ನಾಲ್ಕೂ ಹಾಕಿಸಿ, ರಕ್ಷಣೆ ಬಂದಿರುವುದನ್ನು ತೋರಿಸಿ, ಆಮೇಲೆ ಆಪರೇಷನ್ ಅಂದರು. ಎರಡು ತಿಂಗಳಿಗೆ ಆಗಬೇಕಿದ್ದದ್ದು ಎಂಟು ತಿಂಗಳಿಗೆ ಹೋಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಂಟು ತಿಂಗಳು ಅಂದರೆ ಏನು ಅಂತ ಮಾಡಿಸಿಕೊಂಡವರಿಗೇ ಗೊತ್ತು. ಕೊಡುವ ಅಮ್ಮನಿಗೆ ಈಗಾಗಲೇ ಬಿಪಿ ಅಂಚಿನಲ್ಲಿತ್ತು. ಅದು ಏರಿದರೆ ಅವಳ ಕಿಡ್ನಿ ಬೇಡ ಅನ್ನುತ್ತಾರೆ. ಆ ಮನೆಯಲ್ಲಿ ಕೊಡಬಲ್ಲವರು ಬೇರೆ ಯಾರೂ ಇರಲಿಲ್ಲ.

ನಾನು ಹಳೇ ಅಂಗನವಾಡಿಯ ತರಹವೇ ಒಂದು ಉದ್ದನೆಯ ಪುಸ್ತಕ ತಂದು ಗೆರೆ ಎಳೆದೆ. ಡಾಕ್ಟರ ಒಪ್ಪಿಗೆ ಪಡೆದು ಮೂರೂ ಪಾಳಿಯವರ ಹತ್ತಿರ ಹೋಗಿ ಕೇಳಿದೆ, ಎಷ್ಟು ಲಸಿಕೆ ಆಯಿತು, ಯಾವುದು ಬಿಟ್ಟಿರಿ, ಯಾಕೆ ಬಿಟ್ಟಿರಿ. ಹಿರಿಯೂರಿನಿಂದ ಬರುವ ಒಬ್ಬ ಮೇಷ್ಟ್ರು, ಜ್ವರ ಬರುತ್ತೆ ಅಂತ ಬಿಟ್ಟೆ ಅಂದರು. ಅವರಿಗೆ ನನ್ನ ಕಥೆಯನ್ನೇ ಹೇಳಿದೆ, ಒಂದು ಅಕ್ಷರ ಬಿಡದೆ. ಮುಂದಿನ ವಾರವೇ ತೋಳು ಚಾಚಿದರು. ಮನೆಯಿಂದ ಶುಗರ್ ಮೆಷಿನ್ನು ತರುವವರ ಚೀಲದ ಮೇಲೆಲ್ಲ ಅವರವರ ಹೆಸರು ಬರೆಸಿದೆ. ಡಯಾಲಿಸಿಸ್ ಮೆಷಿನ್ನಿನಲ್ಲಿ ನನ್ನ ರಕ್ತ ಸೋಸುವ ಫಿಲ್ಟರನ್ನು ಬೇರೆಯವರದರ ಜೊತೆ ತೊಳೆದು ಮತ್ತೆ ಬಳಸದೆ ಪ್ರತಿ ಸಲ ಹೊಸದು ಹಾಕಲು ತೀರ್ಮಾನವಾಗಿತ್ತು. ಮೂಲೆಯ ಕೆಂಪು ಸ್ಟಿಕ್ಕರಿನ ಕೋಣೆಗೆ ಹೋಗಬೇಕಾಗಿ ಬಂದರೂ ಹೋಗುತ್ತೇನೆ ಅಂದೆ. ನಿಮ್ಮದು ಬಹಳ ಸಣ್ಣದು, ಅಗತ್ಯವಿಲ್ಲ ಅಂದರು ಡಾಕ್ಟರು. ಆದರೂ ಆ ಕೋಣೆಯವರನ್ನು ಈಗ ನಿಂತು ಮಾತಾಡಿಸಿಯೇ ಮುಂದೆ ಹೋಗುತ್ತೇನೆ.

ಹುಡುಗಿಯ ಲಸಿಕೆಯ ದಿನ ಬಂದರೆ ಹಿಂದಿನ ದಿನವೇ ಫೋನ್ ಮಾಡುತ್ತಿದ್ದೆ. ಅವಳಮ್ಮ ಎತ್ತುತ್ತಿದ್ದಳು, ಹ್ಞೂಂ ಅಂದು ಇಡುತ್ತಿದ್ದಳು. ಎದುರಿಗೆ ಸಿಕ್ಕರೆ ಅದೂ ಇಲ್ಲ. ಹುಡುಗಿ ನನ್ನ ಪಕ್ಕ ಬಂದು ಕೂರುತ್ತಿದ್ದಳು, ಅಮ್ಮ ದೂರದಲ್ಲಿ ನಿಂತಿರುತ್ತಿದ್ದಳು. ನಾಲ್ಕನೆಯದರ ಸಲ ಹುಡುಗಿಗೆ ಜ್ವರ ಕೆಮ್ಮು, ಈ ವಾರ ಬೇಡ ಟೀಚರ್ ಅಂತ ಅವಳೇ ಫೋನಿನಲ್ಲಿ ಅಂದಳು. ಹಳೆಯ ಬಾಯಿ ಹೊರಗೆ ಬಂತು. ಬರ್ತೀಯೋ, ನಾನೇ ಹೊಸದುರ್ಗಕ್ಕೆ ಬಂದು ಎತ್ಕಂಡು ಹೋಗ್ಲೋ ಅಂದೆ. ಆ ಕಡೆ ಅಮ್ಮ ಏನೋ ಅಂದದ್ದು ಕೇಳಿಸಿತು. ಮಾರನೇ ದಿನ ಬಂದರು. ಜ್ವರ ಇಳಿದಿತ್ತು, ಡಾಕ್ಟರು ನೋಡಿ ಹಾಕಿಸಿದರು.

ಅದಾಗಿ ಒಂದೂವರೆ ತಿಂಗಳಿಗೆ ರಕ್ತ ತೆಗೆದು, ರಕ್ಷಣೆ ಎಷ್ಟಿದೆ ಅಂತ ನೋಡಲು ಕಳಿಸಿದರು. ಹತ್ತು ಅಥವಾ ಹತ್ತಕ್ಕಿಂತ ಮೇಲೆ ಬರಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ನಾಲ್ಕು ಹಾಕಿಸಿದರೂ ಬರುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಮ್ಮನ ಬಿಪಿ ಅಂಚಿನಲ್ಲೇ ಇತ್ತು, ಇನ್ನೂ ಏರಿರಲಿಲ್ಲ. ರಕ್ಷಣೆ ಬರದಿದ್ದರೆ ಮತ್ತೆ ಮೊದಲಿಂದ.

ಆ ಶುಕ್ರವಾರ ನಾನು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಭಾಯ್ ಇನ್ನೂ ಬಂದಿರಲಿಲ್ಲ. ಹುಡುಗಿ ಮತ್ತು ಅವಳಮ್ಮ ಪರೀಕ್ಷೆಯ ಕಿಟಕಿಯಿಂದ ಚೀಟಿ ತೆಗೆದುಕೊಂಡು ನೇರ ನನ್ನ ಹತ್ತಿರ ಬಂದರು. ಚೀಟಿ ಮಡಿಚಿದ ಹಾಗೇ ಇತ್ತು. ಓದಿದ ಮಗಳೇ ಇದ್ದಾಳಲ್ಲ ಅಂದುಕೊಂಡೆ, ಆದರೆ ಬಿಚ್ಚಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಅಮ್ಮ ಚೀಟಿಯನ್ನು ನನ್ನ ಮುಂದೆ ಹಿಡಿದಳು.

"ಓದ್ರಿ," ಅಂದಳು. "ಡಾಕ್ಟ್ರಾದ್ರೆ ಸಮಾಧಾನಕ್ಕೆ ಒಂದು ಮಾತು ಹೇಳ್ಬೌದು. ನೀವು ಇದ್ದಿದ್ದು ಇದ್ದಂಗೆ ಹೇಳೋರು."

ಚೀಟಿ ನನ್ನ ಕೈಗೆ ಬಂತು. ಅದನ್ನು ಬಿಚ್ಚಲಿಕ್ಕೆ ನನ್ನಿಂದ ಆಗಲಿಲ್ಲ. ಅವಳಿಗೆ ಹೇಳದೆ ಉಳಿಸಿಕೊಂಡಿದ್ದ ಆ ಒಂದು ಮಾತನ್ನು ಹಾಗೇ ಇಟ್ಟುಕೊಂಡು ಓದಿಬಿಟ್ಟರೆ, ಇನ್ನೆಂದೂ ಹೇಳುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

"ನೋಡಮ್ಮ," ಅಂದೆ, "ಪೆನ್ನಿನ ವಿಷಯ ಡಾಕ್ಟ್ರು ಮೊದಲು ಕೇಳಿದಾಗ ನಾನು ಇಲ್ಲ ಅಂದಿದ್ದೆ. ಸುಳ್ಳು ಹೇಳಿದ್ದೆ. ಮಂಗಳವಾರದಿಂದ ಶುಕ್ರವಾರದ ತನಕ ಒಳಗೇ ಇಟ್ಕಂಡಿದ್ದೆ. ನಿನಗೆ ಹೇಳಿರ್ಲಿಲ್ಲ."

ಅವಳು ನನ್ನ ಮುಖವನ್ನು ನೋಡುತ್ತಾ ನಿಂತಳು. ಇನ್ನೇನು ಚೀಟಿ ಕಿತ್ತುಕೊಂಡು ಹೋಗುತ್ತಾಳೆ ಅಂದುಕೊಂಡೆ.

"ಮೂರು ದಿನ ತಾನೆ," ಅಂದಳು. "ಓದ್ರಿ ಈಗ."

ಬಿಚ್ಚಿದೆ. ಕನ್ನಡಕ ಸರಿ ಮಾಡಿಕೊಂಡು ಅಂಕಿಯ ಮೇಲೆ ಬೆರಳಿಟ್ಟು ಒಂದು ಸಲ ಓದಿದೆ. ನಂಬಿಕೆ ಬರದೆ ಹೆಸರು ಅವಳದೇ ತಾನೇ ಅಂತ ನೋಡಿ ಇನ್ನೊಂದು ಸಲ ಓದಿದೆ.

"ನೂರಾ ಹದಿನಾಲ್ಕು ಐತೆ," ಅಂದೆ. "ಹತ್ತು ಇದ್ದಿದ್ರೆ ಸಾಕಿತ್ತು."

ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳಮ್ಮ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಆಮೇಲೆ ಬೆಂಚಿನ ಮೇಲಿದ್ದ ನನ್ನ ಬ್ಯಾಗನ್ನು ಆಚೆಗೆ ಸರಿಸಿ, ನನ್ನ ಪಕ್ಕದಲ್ಲಿ ಕೂತಳು.